ಪೊಟ್ಟಣ ಯಾರದೋ, ಸೆರೆಮನೆ ಯಾರಿಗೋ



ಅಮೆರಿಕದ ಪ್ರತಿನಿಧಿ ಸಭೆಯ ಸಭಾಧ್ಯಕ್ಷೆ 2022ರ ಆಗಸ್ಟಿನಲ್ಲಿ ತೈವಾನಿಗೆ ಹೋಗಿಬಂದರೆಂದು ಮುನಿದ ಚೀನಾ, ಮಾದಕವಸ್ತು ನಿಗ್ರಹದ ಸಹಕಾರವನ್ನೇ ನಿಲ್ಲಿಸಿತು. 2023ರ ನವೆಂಬರಿನಲ್ಲಿ ಎರಡೂ ದೇಶಗಳ ಅಧ್ಯಕ್ಷರು ಕ್ಯಾಲಿಫೋರ್ನಿಯಾದಲ್ಲಿ ಭೇಟಿಯಾದ ಮೇಲಷ್ಟೇ ಮಾತು ಮತ್ತೆ ಆರಂಭವಾಯಿತು. ನಡುವಿನ 15 ತಿಂಗಳು ಫೆಂಟನಿಲ್ ಮಾರುವವರೇನೂ ರಜೆ ಹಾಕಿರಲಿಲ್ಲ. 1988ರ ವಿಯೆನ್ನಾ ಒಪ್ಪಂದಕ್ಕೆ ಬದ್ಧವಾದ ಮಹಾಶಕ್ತಿಗಳು ಸಹಕಾರವನ್ನು ಹೀಗೆ ಮುನಿಸಿನ ದಾಳವಾಗಿಸುವುದನ್ನು ನಾವು ಖಂಡಿಸುತ್ತೇವೆ.

ಇದಕ್ಕೂ ಅಲ್ ನಹ್ದಾಕ್ಕೂ ಏನು ಸಂಬಂಧ ಎನ್ನುವಿರಾ? ನಮ್ಮ ಬಡಾವಣೆಯ ಒಂದು ಬದಿ ದುಬೈ, ಮತ್ತೊಂದು ಬದಿ ಶಾರ್ಜಾ. ಅದೇ ಶಾರ್ಜಾದ ವಿಮಾನ ನಿಲ್ದಾಣದಲ್ಲಿ 2023ರ ಏಪ್ರಿಲಿನಲ್ಲಿ ಮುಂಬಯಿಯ ನಟಿಯೊಬ್ಬರು ಬಂಧಿತರಾದರು. ನಟನೆಯ ಅವಕಾಶದ ಆಸೆ ತೋರಿಸಿದವರು ಕೈಗಿತ್ತ ಪಾರಿತೋಷಕದೊಳಗೆ ಮಾದಕವಸ್ತು ಅಡಗಿತ್ತು. ಮುಂಬಯಿ ಪೊಲೀಸರು ಸಂಚುಗಾರರೆಂದು ಇಬ್ಬರನ್ನು ಬಂಧಿಸಿದ ಮೇಲೆಯೇ ಆಕೆ ಸೆರೆಮನೆಯಿಂದ ಹೊರಬಂದದ್ದು. ಕತಾರಿನಲ್ಲಿ 2019ರಲ್ಲಿ ಸಿಕ್ಕಿಬಿದ್ದ ಮುಂಬಯಿಯ ದಂಪತಿಗೆ ಆ ಭಾಗ್ಯವೂ ಬೇಗ ಒದಗಲಿಲ್ಲ. ಬಂಧುವೊಬ್ಬರು ಕೊಟ್ಟ ಪೊಟ್ಟಣಕ್ಕಾಗಿ ಹತ್ತು ವರ್ಷಗಳ ಶಿಕ್ಷೆಯಾಯಿತು. ಮಗು ಸೆರೆಯಲ್ಲೇ ಹುಟ್ಟಿತು. ಭಾರತದಲ್ಲಿ ಎನ್‌ಸಿಬಿ ತನಿಖೆ ನಡೆಸಿ ಸತ್ಯ ಹೊರಗೆಡಹಿದ ಮೇಲೆ, 2021ರಲ್ಲಿ ಅವರು ನಿರ್ದೋಷಿಗಳೆಂದು ತೀರ್ಪು ಬಂತು.

ಎರಡೂ ಕಡೆ ಮನೆಯವರು ಕಚೇರಿಯಿಂದ ಕಚೇರಿಗೆ ಅಲೆದರು, ಪತ್ರಿಕೆಗಳು ಬರೆದವು. ಬೀದರಿನ ಕೂಲಿಕಾರನಿಗೋ ಪುತ್ತೂರಿನ ಚಾಲಕನಿಗೋ ಇದೇ ಗತಿ ಬಂದರೆ ಅಲೆಯುವವರು ಯಾರು? ಭಾರತ ಮತ್ತು ಎಮಿರೇಟ್ಸ್ ನಡುವೆ ಆರೋಪಿಗಳ ಹಸ್ತಾಂತರಕ್ಕೆ 1999ರ ಒಪ್ಪಂದವಿದೆ, ಶಿಕ್ಷಿತರನ್ನು ತವರಿಗೆ ಕಳುಹಿಸಲು 2011ರದ್ದಿದೆ. ಹೊತ್ತು ತಂದವನು ಸಿಕ್ಕಿದ ದಿನವೇ, ಹೊರಿಸಿದವನ ಬಾಗಿಲನ್ನು ಊರಿನ ಪೊಲೀಸರು ತಟ್ಟುವ ವ್ಯವಸ್ಥೆ ಬೇಕು. ಅದು ಕುಟುಂಬದ ಅಲೆದಾಟವನ್ನು ಕಾಯಬಾರದು. ನಮ್ಮ ರಾಯಭಾರ ಕಚೇರಿ ಈ ಬೇಡಿಕೆಯನ್ನು ಕೈಗೆತ್ತಿಕೊಳ್ಳಲೆಂದು ನಾವು ಆಗ್ರಹಿಸುತ್ತೇವೆ.

ಇನ್ನು ನಮ್ಮ ಮನೆಯ ಮಾತು. "ನಾಳೆ ಮಂಗಳೂರಿನಿಂದ ಯಾರಾದರೂ ಬರುತ್ತಿದ್ದೀರಾ? ಸಣ್ಣದೊಂದು ಪಾರ್ಸೆಲ್ ಇತ್ತು" ಎಂಬ ಕೋರಿಕೆ ವಾಟ್ಸಾಪ್ ಗುಂಪಿನಲ್ಲಿ ಎಷ್ಟು ಸಲ ಬರುವುದಿಲ್ಲ! ತೆರೆದು ನೋಡಿದರೆ ಸಂಬಂಧ ಕೆಡುತ್ತದೆಂಬ ಸಂಕೋಚ ಬೇರೆ. ಪಾಯಸಕ್ಕೆಂದು ಅತ್ತೆಯವರು ಕಟ್ಟಿಕೊಡುವ ಗಸಗಸೆಯೂ ಈ ನೆಲದಲ್ಲಿ ನಿಷಿದ್ಧ. ಊರಿನ ವೈದ್ಯರು ಬರೆದುಕೊಟ್ಟ ಟ್ರಮಡಾಲ್ ಮಾತ್ರೆಗೂ ಇಲ್ಲಿನ ಸರ್ಕಾರದ ಅನುಮತಿ ಬೇಕು. ಸೌಜನ್ಯಕ್ಕೆ ಕಟ್ಟುಬಿದ್ದು ಕಂಡವರ ಗಂಟು ಹೊರುವುದನ್ನು ಔದಾರ್ಯವೆಂದು ಕರೆಯಲು ನಾವು ಸಿದ್ಧರಿಲ್ಲ. ಒಳಗೇನಿದೆಯೆಂದು ತೆರೆದು ತೋರಿಸಲೊಪ್ಪದ ಪಾರ್ಸೆಲಿನ ಕೋರಿಕೆಗಳನ್ನು ಇನ್ನು ಮುಂದೆ ಸಂಘದ ಗುಂಪಿನಿಂದ ಅಳಿಸಲಾಗುವುದು. ಮುನಿಸಿಕೊಳ್ಳುವವರು ಮುನಿಸಿಕೊಳ್ಳಲಿ.