ಮನೆಯ ಬೆಲೆಯಲ್ಲಿ ದಾರಿಯ ಲೆಕ್ಕವೂ ಸೇರಲಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಮನೆಗೂ ದುಡಿಮೆಗೂ ನಡುವಿನ ಅಂತರ ಊರಿನಿಂದ ಹೊಲದಷ್ಟೇ ಇತ್ತು. ಇಂದು ಬೆಂಗಳೂರಿನಲ್ಲಿ ಮೊದಲ ಮನೆ ಕೊಳ್ಳಲು ಹೊರಟವರು ಅದಕ್ಕೆ ‘ಕಚೇರಿಗೆ ಹೋಗಿ ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸಿಕೊಳ್ಳಬೇಕಾಗಿದೆ.

ಈಚೆಗೆ ನನ್ನ ಸೋದರಳಿಯ ಎರಡು ಫ್ಲ್ಯಾಟುಗಳ ನಕ್ಷೆ ಹಿಡಿದು ಸಲಹೆ ಕೇಳಲು ಬಂದಿದ್ದ. ಒಂದು ಚಂದಾಪುರದಿಂದಾಚೆ, ಆನೇಕಲ್ ರಸ್ತೆಯಲ್ಲಿ. ಇನ್ನೂ ಕಟ್ಟುತ್ತಿರುವ ಮೂರು ಕೋಣೆಯ ಮನೆ, ಬೆಲೆ 70 ಲಕ್ಷ ರೂಪಾಯಿ. ಇನ್ನೊಂದು ವಿಜಯನಗರದಲ್ಲಿ, ಮೆಟ್ರೊ ನಿಲ್ದಾಣಕ್ಕೆ ಕಾಲ್ನಡಿಗೆಯ ದೂರದಲ್ಲಿ. ಹಳೆಯ ಕಟ್ಟಡ, ಎರಡೇ ಕೋಣೆ, ಬೆಲೆ 90 ಲಕ್ಷ. ಅವನ ಕಚೇರಿ ಎಂ.ಜಿ. ರಸ್ತೆಯ ಬಳಿ, ಹೆಂಡತಿಯದು ರಾಜಾಜಿನಗರದಲ್ಲಿ. ಇಪ್ಪತ್ತು ಲಕ್ಷ ಉಳಿಯುತ್ತದೆ, ಒಂದು ಕೋಣೆ ಹೆಚ್ಚು ಸಿಗುತ್ತದೆ ಎಂಬುದು ಅವನ ವಾದ. ಮೇಲ್ನೋಟಕ್ಕೆ ಅದು ಸರಿಯೇ.

ಆದರೆ ಲೆಕ್ಕವನ್ನು ಕೊನೆಯವರೆಗೆ ಮಾಡಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲ ಮನೆಯ ಬೆಲೆಯ ಶೇ 80ನ್ನು ಮೀರುವಂತಿಲ್ಲ. ಮುದ್ರಾಂಕ ಶುಲ್ಕ, ಅದರ ಮೇಲಿನ ಕರಗಳು, 2025ರ ಆಗಸ್ಟ್ ಅಂತ್ಯದಲ್ಲಿ ಶೇ 1ರಿಂದ ಶೇ 2ಕ್ಕೇರಿದ ನೋಂದಣಿ ಶುಲ್ಕ ಸೇರಿ ಶೇ 7.6ರಷ್ಟನ್ನು ಕೊಳ್ಳುವವನು ಕೈಯಿಂದಲೇ ಹಾಕಬೇಕು. ಕಟ್ಟುತ್ತಿರುವ ಮನೆಗೆ ಶೇ 5 ಜಿಎಸ್‌ಟಿ ಬೇರೆ. ಹಳೆಯ ಮನೆಗೆ ಅದಿಲ್ಲ. ಹೀಗಾಗಿ ಅಗ್ಗದ ಮನೆಗೆ ಕೈಯಲ್ಲಿರಬೇಕಾದ ಹಣ ಸುಮಾರು 23 ಲಕ್ಷ, ದುಬಾರಿ ಮನೆಗೆ ಸುಮಾರು 25 ಲಕ್ಷ. ಉಳಿದದ್ದು ಮಾಸಿಕ ಕಂತಿನ ವ್ಯತ್ಯಾಸ. ಶೇ 8.5ರ ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಂಡರೆ 56 ಲಕ್ಷದ ಸಾಲಕ್ಕೆ 48,600 ರೂಪಾಯಿ, 72 ಲಕ್ಷಕ್ಕೆ 62,500 ರೂಪಾಯಿ. ಅಂತರ ತಿಂಗಳಿಗೆ ಸುಮಾರು 14 ಸಾವಿರ.

ಈ 14 ಸಾವಿರ ನಿಜಕ್ಕೂ ಉಳಿಯುತ್ತದೆಯೇ? ದಿನಕ್ಕೆ 55 ಕಿಲೋಮೀಟರಿನಂತೆ 22 ದಿನ ಕಾರು ಓಡಿಸಿದರೆ, ಲೀಟರಿಗೆ ನೂರು ರೂಪಾಯಿ ಹಿಡಿದರೂ, ಪೆಟ್ರೋಲಿಗೇ ಎಂಟು ಸಾವಿರ ಬೇಕು. ಕಾರಿನ ಕಂತು, ವಿಮೆ, ಹೆಂಡತಿಯ ಪ್ರಯಾಣ, ಬೇಸಿಗೆಯ ನೀರಿನ ಟ್ಯಾಂಕರ್ ಆಮೇಲಿನ ಮಾತು.

ಇನ್ನು ಯಾವ ಬ್ಯಾಂಕೂ ಎಣಿಸದ ಕಂತೊಂದಿದೆ. ಒಂದು ಸೋಮವಾರ ಬೆಳಿಗ್ಗೆ ಎರಡೂ ಕಡೆಯಿಂದ ಕಚೇರಿಗೆ ಹೋಗುವ ಹೊತ್ತನ್ನು ಅಂದಾಜು ಮಾಡು ಎಂದೆ. ಒಂದು ದಿಕ್ಕಿಗೆ ಒಂದು ಗಂಟೆಯ ವ್ಯತ್ಯಾಸ ಕಂಡಿತು. ದಿನಕ್ಕೆ ಎರಡು ಗಂಟೆ ಎಂದರೆ ವರ್ಷಕ್ಕೆ 528 ಗಂಟೆ; ಸಾಲ ತೀರುವ 20 ವರ್ಷಗಳಲ್ಲಿ 10,560 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಎಣಿಸಿದರೆ ಇದು ಪೂರ್ತಿ ಐದು ವರ್ಷಗಳ ದುಡಿಮೆಯ ಕಾಲ.

‘ಮೆಟ್ರೊ ಬರುತ್ತದಲ್ಲ’ ಎಂದು ಅವನು ಕೇಳಿದ. ಈ ನಂಬಿಕೆಯ ಬೆಲೆಯನ್ನು ನಾನು ತೆತ್ತಿದ್ದೇನೆ. 2003ರಲ್ಲಿ ನಾನು ಕೆಂಗೇರಿಯಿಂದಾಚೆ ಮನೆ ಕೊಂಡಾಗಲೂ ಮಾರಿದವರು ರೈಲು, ರಸ್ತೆ, ಕಾವೇರಿ ನೀರು ಎಲ್ಲವನ್ನೂ ಮಾತಿನಲ್ಲೇ ತಂದುಕೊಟ್ಟಿದ್ದರು. ಕೆಂಗೇರಿಗೆ ಮೆಟ್ರೊ ಬಂದದ್ದು 2021ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ನಾನು ನಿವೃತ್ತನಾಗಿದ್ದೆ. ನಾನು ಹೊರಡುವಾಗ ನಿದ್ದೆಯಲ್ಲಿದ್ದು, ಮರಳುವಾಗಲೂ ನಿದ್ದೆಯಲ್ಲಿರುತ್ತಿದ್ದ ಮಕ್ಕಳು ಬೆಳೆದು ಬೇರೆ ಊರು ಸೇರಿದ್ದರು. 2014ರಲ್ಲಿ ಕೇಂದ್ರದ ಒಪ್ಪಿಗೆ ಪಡೆದ ಮೆಟ್ರೊ ಎರಡನೇ ಹಂತದ ಬೊಮ್ಮಸಂದ್ರ ಮಾರ್ಗ ತೆರೆದದ್ದೂ 2025ರ ಆಗಸ್ಟ್‌ನಲ್ಲಿಯೇ. ಆರಂಭದಲ್ಲಿ 25 ನಿಮಿಷಕ್ಕೊಂದು ರೈಲು. ನಕ್ಷೆಯ ಮೇಲಿನ ಗೆರೆಗೂ ಹಳಿಗೂ ನಡುವೆ ಒಂದು ದಶಕವೇ ಕಳೆಯಬಹುದು. ಆದ್ದರಿಂದ ಇಂದು ಓಡುತ್ತಿರುವ ರೈಲನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು ವಿವೇಕ.

ಹಾಗೆಂದು ಕಚೇರಿಯ ಪಕ್ಕದಲ್ಲೇ ಮನೆ ಕೊಳ್ಳಿ ಎನ್ನಲಾರೆ. ನೌಕರಿ ಬದಲಾಗುತ್ತದೆ, ಮನೆ ಬದಲಾಗದು. ಕಚೇರಿಗಿಂತ ನಿಲ್ದಾಣಕ್ಕೆ ಹತ್ತಿರವಿರುವುದು ಮೇಲು. ಹಳೆಯ ಕಟ್ಟಡಕ್ಕೆ ರಿಪೇರಿಯ ಖರ್ಚಿದೆ. ದಾಖಲೆಪತ್ರಗಳನ್ನು ವಕೀಲರಿಗೆ ತೋರಿಸಲೇಬೇಕು. 62 ಸಾವಿರದ ಕಂತು ಕೈಮೀರಿದ್ದು ಎನ್ನುವವರು ದೂರದಲ್ಲಿ ಕೊಳ್ಳುವ ಬದಲು ಇನ್ನೆರಡು ವರ್ಷ ಹತ್ತಿರದಲ್ಲೇ ಬಾಡಿಗೆಗಿದ್ದು ಮುಂಗಡ ಹಣ ಕೂಡಿಸುವುದು ಲೇಸು. ಸ್ವಂತ ಸೂರಿಲ್ಲದಿರುವುದು ಅವಮಾನವೆಂಬ ನಮ್ಮ ಮಧ್ಯಮ ವರ್ಗದ ಭಾವನೆಯೇ ಅನೇಕರನ್ನು ಊರಾಚೆಗೆ ಅಟ್ಟಿದೆ.

ಆದರೆ ಎಲ್ಲ ವಿವೇಕವನ್ನೂ ಕೊಳ್ಳುವವನಿಂದಲೇ ನಿರೀಕ್ಷಿಸುವುದು ನ್ಯಾಯವಲ್ಲ. 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ 148 ಕಿಲೋಮೀಟರ್ ಉಪನಗರ ರೈಲಿಗೆ ಜನ ಕಾಯುತ್ತಲೇ ಇದ್ದಾರೆ. ಮೊದಲು ಬಡಾವಣೆ, ಆಮೇಲೆ ನೀರು, ಕೊನೆಗೆ ರೈಲು ಎಂಬ ಈ ಕ್ರಮ ತಿರುಗಬೇಕು. ಮೆಟ್ರೊ ನಿಲ್ದಾಣಗಳ ಸುತ್ತ ಕಟ್ಟಡಗಳಿಗೆ ಹೆಚ್ಚು ಎತ್ತರದ ಅನುಮತಿ ಕೊಡುವಾಗ, ಅದರಲ್ಲೊಂದು ಪಾಲು ಸಾಧಾರಣ ಸಂಬಳದವರ ಸಣ್ಣ ಮನೆಗಳಿಗೆ ಮೀಸಲಿರಲಿ ಎಂಬ ಷರತ್ತನ್ನೂ ಹಾಕಬೇಕು.

ಸೋದರಳಿಯ ಇನ್ನೂ ತೀರ್ಮಾನಿಸಿಲ್ಲ. ಮೂರನೆಯ ಕೋಣೆ ಯಾರಿಗೆ ಎಂದು ನಾನು ಕೇಳಿದ್ದೆ. ಮುಂದೆ ಹುಟ್ಟುವ ಮಗುವಿಗೆ ಎಂದ. ಆ ಮಗುವಿಗೆ ಕೋಣೆ ಬೇಕೋ, ಸಂಜೆ ಆರೂವರೆಗೆ ಮನೆಗೆ ಬರುವ ಅಪ್ಪ ಬೇಕೋ ಎಂಬುದನ್ನು ಅವನೇ ನಿರ್ಧರಿಸಬೇಕು.