ಕೂಲಿ ಮೊದಲೇ ಹೇಳಿ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದರೆ ಸಾಕು, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಎಷ್ಟೋ ಹುಡುಗ ಹುಡುಗಿಯರು ರಜೆಯ ಕೆಲಸ ಹುಡುಕತೊಡಗುತ್ತಾರೆ. ಪಿಯು ಶುಲ್ಕ, ಬಸ್ ಪಾಸು, ಒಂದು ಜೊತೆ ಬಟ್ಟೆ. ಇಷ್ಟನ್ನು ತಾವೇ ದುಡಿದುಕೊಂಡರೆ ಅಪ್ಪ ಸಾಲ ಕೇಳುವುದು ತಪ್ಪುತ್ತದೆ ಎಂಬ ಲೆಕ್ಕ ಅವರದು. ಹದಿನಾರರ ವಯಸ್ಸಿಗೆ ಅದು ದೊಡ್ಡ ಮನಸ್ಸು.

ಇಲ್ಲಿ ಅರ್ಜಿ ಬರೆದು ಕೆಲಸ ಕೇಳುವ ರೂಢಿ ಕಡಿಮೆ. ಸೋದರಮಾವನೋ ಓಣಿಯ ಹಿರಿಯರೋ ಅಂಗಡಿಯವರ ಕಿವಿಗೆ ಒಂದು ಮಾತು ಹಾಕುತ್ತಾರೆ. ಅಂಗಡಿ ಬಿಟ್ಟರೆ ಹಡಗಲಿ ಕಡೆ ಮಲ್ಲಿಗೆ ತೋಟಗಳಿವೆ, ಕೂಡ್ಲಿಗಿ ಕಡೆ ಹುಣಸೆ. ಹುಣಸೆಯ ಸಿಪ್ಪೆ ಬಿಡಿಸಿ, ನಾರು ಎಳೆದು, ಕಲ್ಲಿನ ಮೇಲಿಟ್ಟು ಕುಟ್ಟಿ ಬೀಜ ತೆಗೆಯಬೇಕು. ಹುಳಿ ಹತ್ತಿ ಬೆರಳ ತುದಿ ಕಪ್ಪಾಗುತ್ತದೆ, ಉಗುರಿನ ಸಂದು ಉರಿಯುತ್ತದೆ. ಆದರೂ ತೂಕದ ಲೆಕ್ಕದಲ್ಲಿ ಕೂಲಿ ಕೊಡುವಲ್ಲಿ ಕೆ.ಜಿ.ಗೆ ಎಷ್ಟೆಂಬುದು ಮೊದಲೇ ಗೊತ್ತಿರುತ್ತದೆ. ಅಂಗಡಿಯಲ್ಲಿ ಹಾಗಲ್ಲ. “ರಜಾದಾಗ ಕೆಲ್ಸ ಐತೇನ್ರಿ ಸಾಹುಕಾರ್ರೇ?” ಎಂದರೆ, “ಬಾ, ಮಾಡು, ನೋಡಿ ಕೊಡೋಣ” ಎಂಬ ಉತ್ತರ. ಎಷ್ಟು ಹೊತ್ತು, ಎಷ್ಟು ದುಡ್ಡು ಎಂದು ಕೇಳಲು ಹುಡುಗನಿಗೆ ಬಾಯಿ ಬರುವುದಿಲ್ಲ. ಕೇಳಿದರೆ ಕೆಲಸ ಕೊಡಿಸಿದ ಮಾವನ ಮರ್ಯಾದೆ ಹೋದೀತು ಎಂಬ ಅಳುಕು.

ಕಾನೂನು ಮಾತ್ರ ಸ್ಪಷ್ಟವಾಗಿದೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14 ತುಂಬದ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರೊಳಗಿನವರನ್ನು ಗಣಿ, ಸಿಡಿಮದ್ದಿನಂಥ ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಉಳಿದ ಕಡೆ ವಿರಾಮವೂ ಸೇರಿ ದಿನಕ್ಕೆ ಆರು ಗಂಟೆ ಮಾತ್ರ. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಕೂಡದು. ವಾರಕ್ಕೊಂದು ರಜೆ ಕೊಡಬೇಕು. ಮದುವೆ ಸೀಸನ್ನಿನಲ್ಲಿ ಗಿರಾಕಿಗಳು ಹರವಿಹೋದ ಸೀರೆಗಳನ್ನು ರಾತ್ರಿ ಹತ್ತರವರೆಗೂ ಮಡಚುತ್ತ ನಿಂತ ಹುಡುಗಿಗೆ ಇದನ್ನು ಹೇಳುವವರು ಯಾರು? ಶಾಲೆಯ ಕೊನೆಯ ವಾರದಲ್ಲಿ ಮೇಷ್ಟರು ಹತ್ತು ನಿಮಿಷ ಹೇಳಿದರೂ ಸಾಕಿತ್ತು.

18 ತುಂಬಿದವರಿಗೆ ಗ್ರಾಮ ಪಂಚಾಯಿತಿಯ ಉದ್ಯೋಗ ಖಾತ್ರಿ ಇದೆ. ಬಾಯಿಮಾತು ಬೇಡ, ಅರ್ಜಿ ಬರೆದುಕೊಟ್ಟು ದಿನಾಂಕ ಹಾಕಿದ ರಸೀದಿ ಪಡೆಯಿರಿ. 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೇಳಲು ಆ ಚೀಟಿಯೇ ಆಧಾರ.

ನನ್ನನ್ನು ಹೆಚ್ಚು ಕಾಡುವುದು ಜೂನ್ ತಿಂಗಳು. ಕೈಗೆ ದುಡ್ಡು ಬಂದ ಹುಡುಗ ಇನ್ನೊಂದು ತಿಂಗಳು ಎನ್ನುತ್ತಾನೆ, ಮನೆಯವರೂ ಸುಮ್ಮನಿರುತ್ತಾರೆ, ಅಷ್ಟರಲ್ಲಿ ಕಾಲೇಜು ಸೇರುವ ದಿನ ಕಳೆದುಹೋಗುತ್ತದೆ. ಗುಳೆ ಹೋದ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೋ ಕಾಫಿ ತೋಟಕ್ಕೋ ಹೋದವರ ಪಾಡು ಇನ್ನೂ ಕಷ್ಟ.

ಅಂಗಡಿ, ಹೋಟೆಲಿನ ಯಜಮಾನರಲ್ಲಿ ಒಂದು ವಿನಂತಿ. ಕೆಲಸಕ್ಕೆ ಬಂದ ಮೊದಲ ದಿನವೇ ಮಗುವಿನ ವಯಸ್ಸು ಕೇಳಿ, ಕೂಲಿ ಎಷ್ಟು, ಹೊತ್ತು ಎಷ್ಟು ಎಂದು ಹೇಳಿಬಿಡಿ. ಮೇ ಕೊನೆಗೆ ಲೆಕ್ಕ ಚುಕ್ತಾ ಮಾಡಿ, ಕಾಲೇಜಿಗೆ ಹೋಗು ಎಂದು ನೀವೇ ಕಳಿಸಿಕೊಡಿ.