ಅವನ ರಿಪೋರ್ಟ್ ಎಲ್ಲಿ?

ಶಿವಮೊಗ್ಗ, ಭದ್ರಾವತಿಯ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮುಖ್ಯವಾಗಿ ಅತ್ತೆ ಮಾವಂದಿರೇ,

ಕಳೆದ ವಾರ ಭದ್ರಾವತಿ ಹಳೇನಗರದ ಒಂದು ಮನೆಯಲ್ಲಿ ಸೀಮಂತ. ಆರತಿ ತಟ್ಟೆಗೆ ಕೈ ಹಾಕಿದ ಹಿರಿಸೊಸೆಗೆ ಎಲ್ಲರೆದುರು ಒಂದು ಮಾತು ಬಂತು: "ನೀನ್ ಬ್ಯಾಡ ಬಿಡಮ್ಮ, ಮಕ್ಕಳಾದೋರು ಎತ್ಲಿ." ಮದುವೆಯಾಗಿ ಆರು ವರ್ಷವಾದವಳು. ತಟ್ಟೆ ಕೆಳಗಿಟ್ಟು ಅಡುಗೆಮನೆಗೆ ಹೋಗಿ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತ ಕೂತಳು. ಅವಳ ಗಂಡ? ಮೊದಲ ಪಂಕ್ತಿಗೆ ಎಲೆ ಹಾಕುತ್ತಿದ್ದ. ಅವನಿಗೆ ಯಾರೂ ಬ್ಯಾಡ ಅನ್ನಲಿಲ್ಲ.

ಈ ಕರಪತ್ರ ಆ ತಟ್ಟೆಯ ಸಲುವಾಗಿ.

ಆರು ವರ್ಷದಲ್ಲಿ ಅವಳ ಮೈ ಮೇಲೆ ಏನೇನು ನಡೆದಿದೆ ಕೇಳಿ. ರಕ್ತ ಪರೀಕ್ಷೆ, ಥೈರಾಯ್ಡ್, ತಿಂಗಳು ತಿಂಗಳೂ ಸ್ಕ್ಯಾನಿಂಗ್. ಗರ್ಭಕೋಶಕ್ಕೆ ದ್ರಾವಣ ಬಿಟ್ಟು ನಾಳ ಮುಚ್ಚಿದೆಯೇ ಎಂದು ನೋಡುವ ಎಕ್ಸ್-ರೇ. ಆ ನೋವು ಮಾಡಿಸಿಕೊಂಡವರಿಗೇ ಗೊತ್ತು. ಆಮೇಲೆ ಹೊಕ್ಕುಳ ಹತ್ತಿರ ತೂತು ಮಾಡಿ ಕ್ಯಾಮೆರಾ. ನಡುನಡುವೆ ಹರಕೆ, ಸೋಮವಾರದ ಉಪವಾಸ, ನಾಗರಕಟ್ಟೆ ಸುತ್ತುವುದು. ಅವನಿಗೆ ಏನೇನು ಆಯಿತು? ಏನೂ ಇಲ್ಲ! ವೀರ್ಯ ಪರೀಕ್ಷೆಗೆ ಸೂಜಿ ಬೇಡ, ಕತ್ತರಿ ಬೇಡ. ಎರಡರಿಂದ ಏಳು ದಿನ ಸುಮ್ಮನಿರಬೇಕು, ಒಂದು ಡಬ್ಬಿ ಬೇಕು, ಒಂದು ಗಂಟೆಯೊಳಗೆ ಲ್ಯಾಬು ಮುಟ್ಟಿಸಬೇಕು. ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಎಲ್ಲಕ್ಕಿಂತ ಕೊನೆಗೂ ಆಗಿಲ್ಲ.

"ನಮ್ ಹುಡುಗ ಗಟ್ಟಿಮುಟ್ಟಾಗಿದಾನೆ." ಹೌದು ಸ್ವಾಮಿ, ಅಡಿಕೆ ಮೂಟೆ ಎತ್ತುವವನ ವೀರ್ಯಾಣುವೂ ಮೂಟೆ ಹೊತ್ತುಕೊಂಡೇ ಈಜುತ್ತದೆ! "ನಮ್ ವಂಶದಲ್ಲೇ ಈ ದೋಷ ಇಲ್ಲ." ಇದ್ದಿದ್ದರೆ ವಂಶ ಎಲ್ಲಿರುತ್ತಿತ್ತು?

ಹನ್ನೆರಡು ತಿಂಗಳು ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಿ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ ಕಾಣಿ. ಜಗತ್ತಿನಲ್ಲಿ ಆರರಲ್ಲಿ ಒಬ್ಬರಿಗೆ ಈ ತೊಡಕು ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಗಂಡಸಿನ ಪಾಲೂ ಇರುತ್ತದೆ. ಅದಕ್ಕೆ ಕಾರಣಗಳು ಹಲವು: ತಂಬಾಕು, ಹೆಂಡ, ದೊಡ್ಡವನಾದ ಮೇಲೆ ಬಂದ ಮಂಗನಬಾವು, ವೃಷಣದಲ್ಲಿ ಉಬ್ಬಿದ ರಕ್ತನಾಳ, ಬಿಸಿ. ಬಿಸಿಯ ಮಾತು ಬಂದರೆ, 1923ರಿಂದ ಕಬ್ಬಿಣ ಕರಗಿಸಿದ ಊರು ನಮ್ಮ ಭದ್ರಾವತಿ. ದೇವರು ವೃಷಣವನ್ನು ದೇಹದ ಹೊರಗೆ ತೂಗುಹಾಕಿರುವುದು ತಂಪಿಗಾಗಿ. ಕುಲುಮೆ ಮುಂದೆ ವರ್ಷಗಟ್ಟಲೆ ನಿಂತವನ ವೀರ್ಯಾಣು ಕಡಿಮೆಯಾಗಬಹುದು ಎಂಬುದು ಅವನಿಗೆ ಅವಮಾನವಲ್ಲ, ದುಡಿಮೆಯ ಬೆಲೆ. ಅದನ್ನೂ ಅವಳೇ ತೆರಬೇಕೆ?

ಭಾಷೆಯೂ ಅವಳ ಮೇಲೇ ಬಿದ್ದಿದೆ. ಬಂಜೆ ಎನ್ನುತ್ತೇವೆ. ಅದರ ಗಂಡು ರೂಪ ಯಾವುದು? ಯೋಚಿಸಿ. ಷಂಡ ಎನ್ನಬೇಡಿ, ಅದು ಬೇರೆಯದೇ ಮಾತು.

ಇನ್ನು ಬಸ್ ಸ್ಟ್ಯಾಂಡಿನ ಗೋಡೆಗೆ ‘ಸಂತಾನ ಭಾಗ್ಯ ಗ್ಯಾರಂಟಿ’ ಚೀಟಿ ಅಂಟಿಸುವ ಮಹಾನುಭಾವರು. ಗ್ಯಾರಂಟಿ ಕೊಡುವುದಕ್ಕೆ ಇದೇನು ಮಿಕ್ಸಿಯೇ? ವೇದಿಕೆ ಹತ್ತಿ "ನಮ್ಮವರು ಹೆಚ್ಚು ಮಕ್ಕಳು ಹೆರಬೇಕು" ಎಂದು ಗುಡುಗುವವರೇ, ಹೆರಲಾಗದೆ ಒದ್ದಾಡುವವರ ಚಿಕಿತ್ಸೆಗೆ ಒಂದು ಮನವಿಯನ್ನಾದರೂ ಕೊಟ್ಟಿದ್ದೀರಾ? ಪ್ರಗತಿಪರ ಗೆಳೆಯರೂ ಕೇಳಿ: "ಮಕ್ಕಳು ಯಾಕೆ ಬೇಕು, ದತ್ತು ತಗೊಳ್ಳಿ" ಎಂದು ನೀವು ಹೇಳುವುದು ಸುಲಭ. ಎರಡೆರಡು ಮಕ್ಕಳನ್ನು ಸ್ಕೂಲ್ ವ್ಯಾನ್ ಹತ್ತಿಸಿ ಬಂದು ಹೇಳುತ್ತೀರಿ!

ಐವಿಎಫ್ ನಡೆಸುವ ಕ್ಲಿನಿಕ್ ನೋಂದಣಿಯಾಗಿರಲೇಬೇಕು ಎಂದು ಕೇಂದ್ರ ಸರ್ಕಾರದ 2021ರ ಕಾಯ್ದೆ ಹೇಳುತ್ತದೆ. ಹಣ ಕಟ್ಟುವ ಮುಂಚೆ ಆ ನೋಂದಣಿ ಪತ್ರ ಕೇಳಿ. ಅದೇ ಸರ್ಕಾರದ ಆಯುಷ್ಮಾನ್ ಯೋಜನೆ ಈ ಚಿಕಿತ್ಸೆಯನ್ನು ಹೊರಗಿಟ್ಟಿದೆ. ಕಾನೂನು ಮಾಡಲು ಮನಸ್ಸಿತ್ತು, ಖರ್ಚು ಮಾಡಲು ಮನಸ್ಸು ಬರಲಿಲ್ಲ. ಅಡಿಕೆ ತೋಟ ಅಡವಿಟ್ಟು ಬೆಂಗಳೂರಿನ ರೈಲು ಹತ್ತುವವರು ಹತ್ತಲಿ, ಉಳಿದವರು ನಾಗರಕಟ್ಟೆ ಸುತ್ತಲಿ ಎಂದೇ? ಇದು ಬದಲಾಗಲೇಬೇಕು. ಸರ್ಕಾರ ಎಚ್ಚೆತ್ತುಕೊಳ್ಳಬೇಕು, ಗಂಡಸರೂ ಎಚ್ಚೆತ್ತುಕೊಳ್ಳಬೇಕು.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗುತ್ತೀರೋ, ನಿಮ್ಮ ಬೀದಿಯ ಡಾಕ್ಟರ ಹತ್ತಿರವೋ, ಜೋಡಿಯಾಗಿ ಹೋಗಿ. ಗೌರಿಹಬ್ಬದ ಬಾಗಿನ ಹಂಚುವುದರೊಳಗೆ, ಸೊಸೆಯನ್ನು "ವಿಶೇಷ ಏನಾದ್ರೂ ಉಂಟಾ" ಎಂದು ಕೇಳುವ ಪ್ರತಿಯೊಬ್ಬರನ್ನೂ ತಿರುಗಿ ಕೇಳಿ: ಅವನ ರಿಪೋರ್ಟ್ ಎಲ್ಲಿ?

ಹಳೇನಗರದ ಆ ಹಿರಿಸೊಸೆಯ ಗಂಡ ಇವತ್ತಿಗೂ ಲ್ಯಾಬಿನ ಮೆಟ್ಟಿಲು ಹತ್ತಿಲ್ಲ.

ಇಂತಿ,
ತಟ್ಟೆ ಕೆಳಗಿಟ್ಟ ಕೆಲವು ಸೊಸೆಯಂದಿರು

(ಓದಿ ಬಿಸಾಡಬೇಡಿ. ಪಕ್ಕದ ಮನೆಯ ಯಜಮಾನರ ಕೈಗೇ ಕೊಡಿ.)